ಅಮ್ಮನ ಕೆಮ್ಮು, ಗೋಡೆಯ ಬಣ್ಣ

ಚಂದ್ರಾ ಲೇಔಟ್‌ನ ನಮ್ಮ ಬಾಡಿಗೆ ಮನೆಯ ಹಿಂದಿನ ರೂಮಿಗೆ ಮೂರು ವರ್ಷದಲ್ಲಿ ಮೂರು ಸಲ ಬಣ್ಣ ಹೊಡೆಸಿದ್ದೇನೆ. ಶೋಕಿಗಲ್ಲ. ಪ್ರತಿ ಮಳೆಗಾಲ ಬೀರುವಿನ ಹಿಂದಿನ ಮೂಲೆಯಿಂದ ಕಪ್ಪು ಬೂಷ್ಟು ಹತ್ತಿಕೊಂಡು ಬರುತ್ತಿತ್ತು. ಪೇಂಟರ್ ಬಂದು ಕೆರೆದು, ಪುಟ್ಟಿ ಹಚ್ಚಿ, ಮೇಲೆ ಡ್ಯಾಂಪ್ ಪ್ರೂಫ್ ಬಳಿದು, "ಇನ್ನೈದು ವರ್ಷ ಈ ಕಡೆ ನೋಡೋ ಹಂಗಿಲ್ಲ ಸಾರ್" ಅನ್ನುತ್ತಿದ್ದ. ಮುಂದಿನ ಗೌರಿಹಬ್ಬದ ಹೊತ್ತಿಗೆ ಬಣ್ಣ ಹಪ್ಪಳದ ಹಾಗೆ ಉಬ್ಬಿರುತ್ತಿತ್ತು.

ಆ ರೂಮಿನಲ್ಲಿ ಮಲಗುವವಳು ಅಮ್ಮ. ತೀರ್ಥಹಳ್ಳಿ ಕಡೆಯವಳು. ಬಂದ ವಾರದಲ್ಲೇ, "ಮುಗ್ಗಲು ವಾಸನೆ ಬರ್ತದೆ ಮಾರಾಯ" ಅಂದಿದ್ದಳು. ನಾಲ್ಕು ತಿಂಗಳು ಜಡಿಮಳೆ ಕಂಡವಳಿಗೆ ಇದೊಂದು ಥಂಡಿಯಾ ಅಂತ ನಾನು ನಕ್ಕೆ. "ಅಲ್ಲಿ ಬಚ್ಚಲ ಒಲೆ ಉರೀತಿತ್ತು, ಹೆಂಚಿನ ಸಂದೀಲಿ ಗಾಳಿ ಆಡ್ತಿತ್ತು. ಇದು ಡಬ್ಬಿ" ಅಂದಳು. ನಾನು ಬೀರುವಿಗೆ ನುಸಿಗುಳಿಗೆ ಹಾಕಿ ಸುಮ್ಮನಾದೆ.

2022 ನೆನಪಿದೆಯಲ್ಲ? 2017ರ ಮಳೆ ದಾಖಲೆಯನ್ನೂ ಬೆಂಗಳೂರು ಮುರಿದ ವರ್ಷ. ಎಲ್ಲರ ಮನೆ ಗೋಡೆಯೂ ಒದ್ದೆ, ಎಲ್ಲರ ಬೈಗುಳವೂ ಮಳೆಗೇ. ಅಮ್ಮನಿಗೆ ರಾತ್ರಿ ಕೆಮ್ಮು ಶುರುವಾಗಿದ್ದು ಆಗ. ವಯಸ್ಸು ಅಂದೆ, ಧೂಳು ಅಂದೆ, ಸಿರಪ್ ಬದಲಿಸಿದೆ. ಹದಿನೈದು ದಿನ ಶಿವಮೊಗ್ಗದ ಅಕ್ಕನ ಮನೆಗೆ ಹೋದಳು. ಅಲ್ಲೂ ಮಳೆಯೇ. ಆದರೆ ಅಕ್ಕ ಫೋನ್ ಮಾಡಿ, "ಅಮ್ಮಂಗೆ ಕೆಮ್ಮೇ ಇಲ್ಲ ಕಣೋ" ಅಂದಳು.

ವಾಪಸ್ ಬಂದ ಮೂರನೇ ರಾತ್ರಿ ಮತ್ತೆ ಕೆಮ್ಮು. ಡಾಕ್ಟರ್ ಕೇಳಿದ್ದು ಒಂದೇ: "ಮಲಗೋ ರೂಮಲ್ಲಿ ತೇವ ಇದೆಯಾ?"

ಮನೆಯೊಳಗಿನ ತೇವ, ಬೂಷ್ಟಿನ ಬಗ್ಗೆಯೇ ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಒಂದು ಪುಸ್ತಕ ತಂದಿದೆ. ಇಷ್ಟು ಬೂಷ್ಟು ಇದ್ದರೆ ಅಪಾಯವಿಲ್ಲ ಅಂತ ಲೆಕ್ಕ ಹಾಕಿ ಹೇಳೋಕಾಗಲ್ಲ, ಮೊದಲು ತೇವ ನಿಲ್ಲಿಸಿ ಅನ್ನುವುದು ಅದರ ತಾತ್ಪರ್ಯ. ನಾನು ಮೂರು ವರ್ಷ ಮಾಡಿದ್ದು ತೇವಕ್ಕೆ ಬಣ್ಣ ಬಳಿಯುವ ಕೆಲಸ.

ಈ ಸಲ ಪೇಂಟರನ್ನು ಕರೆಯಲಿಲ್ಲ. ಚಪಾತಿ ಸುತ್ತುವ ಫಾಯಿಲನ್ನು ಗೋಡೆಗಿಟ್ಟು ನಾಲ್ಕೂ ಕಡೆ ಟೇಪ್ ಅಂಟಿಸಿ ಎರಡು ದಿನ ಬಿಟ್ಟೆ. ನೀವೂ ಮಾಡಿ ನೋಡಬಹುದು. ಫಾಯಿಲಿನ ಹೊರಮೈ ಒದ್ದೆಯಾದರೆ ತೇವ ರೂಮಿನ ಗಾಳಿಯದ್ದು. ಗೋಡೆ ಕಡೆಯ ಮೈ ಒದ್ದೆಯಾದರೆ ನೀರು ಗೋಡೆಯೊಳಗೇ ಇದೆ. ನಮ್ಮದು ಒಳಗಡೆ ಬೆವೆತಿತ್ತು. ಓನರಿಗೆ ತೋರಿಸಿ, ಮೇಲಿನ ಮನೆಯ ಬಾತ್‌ರೂಮಿನ ಟೈಲ್ಸ್ ಒಡೆಸಿದಾಗ ಗೀಸರ್ ಪೈಪಿನ ಒಂದು ಜಾಯಿಂಟು ಸಿಕ್ಕಿತು. ತೊಟ್ಟು ತೊಟ್ಟಾಗಿ ಎಷ್ಟು ಕಾಲದಿಂದ ಸೋರುತ್ತಿತ್ತೋ. ಬೇಸಿಗೆಯಲ್ಲಿ ಹಾಗೇ ಆರಿಹೋಗುತ್ತಿದ್ದ ನೀರು, ಮಳೆಗಾಲದ ಗಾಳಿಯಲ್ಲಿ ಆರಲಾಗದೆ ಗೋಡೆ ಮೇಲೆ ಬರುತ್ತಿತ್ತು. ನಾವು ಮಳೆಯನ್ನು ಬೈದುಕೊಂಡಿದ್ದೆವು.

ನಮ್ಮ ಪಾಲೂ ಇತ್ತು ಅನ್ನಿ. ಮೂವತ್ತು-ನಲವತ್ತರ ಸೈಟು, ಪಕ್ಕದ ಮನೆಗೂ ನಮಗೂ ನಡುವೆ ಒಬ್ಬರು ಅಡ್ಡಡ್ಡ ನುಸುಳುವಷ್ಟೇ ಜಾಗ. ಬಿಸಿಲು ಅನ್ನುವುದಿಲ್ಲ. ಮಳೆ ಬಂದರೆ ಒಗೆದ ಬಟ್ಟೆಯೆಲ್ಲ ಅದೇ ರೂಮಿನಲ್ಲಿ ಹಗ್ಗ ಕಟ್ಟಿ ಒಣಹಾಕಿ, ಸೊಳ್ಳೆ ಅಂತ ಕಿಟಕಿ ಬೇರೆ ಮುಚ್ಚುತ್ತಿದ್ದೆವು. ಈಗ ಹಗ್ಗ ಟೆರೇಸಿನ ಶೀಟಿನ ಕೆಳಗೆ ಹೋಗಿದೆ. ಬೀರು ಗೋಡೆಯಿಂದ ಒಂದು ಗೇಣು ಮುಂದೆ ಬಂದಿದೆ. ಕಿಟಕಿಗೆ ಸೊಳ್ಳೆ ಜಾಲರಿ ಹಾಕಿಸಿ ತೆರೆದಿಟ್ಟಿದ್ದೇವೆ. ಪೈಪು ರಿಪೇರಿ ಆಗುವವರೆಗೆ ಅಮ್ಮ ಹಾಲಿನಲ್ಲಿ ಮಲಗಿದಳು. ಕೆಮ್ಮು ಪೂರ್ತಿ ಹೋಗಿದೆ ಅನ್ನಲಾರೆ, ರಾತ್ರಿ ಎದ್ದು ಕೂರುವುದು ನಿಂತಿದೆ.

ಮೂಲೆಯ ಗಾರೆ ಕಿತ್ತು ಹೊಸದಾಗಿ ಮಾಡಿಸಿದ್ದೇವೆ, ಬಣ್ಣ ಇಲ್ಲ. ಬಂದವರು ಯಾಕೆ ಹೀಗೆ ಬಿಟ್ಟಿದ್ದೀರಿ ಅಂತ ಕೇಳುತ್ತಾರೆ. ಅಮ್ಮ ದಿನಾ ಬೆಳಿಗ್ಗೆ ಅಲ್ಲಿ ಅಂಗೈ ಊರಿ ನೋಡುತ್ತಾಳೆ.

"ಇನ್ನೂ ಒಂಚೂರು ತಣ್ಣಗಿದೆ. ಈಗಲೇ ಬೇಡ."

ಸರಿ ಅಂದಿದ್ದೇನೆ.