ಮೊಟ್ಟೆ ಬಿಟ್ಟವರ ಸಾಸು

ನ್ಯೂಜೆರ್ಸಿಯಿಂದ ಭಾವ ಫೋನ್ ಮಾಡಿ, "ನಿಮ್ಮ ಕಡೆಯ ಕಾರ್ನೆಲ್ ಚಿಕನ್ ಮಾಡಿದ್ವಿ ಮಾರಾಯ, ಎಲ್ಲರೂ ಬೆರಳು ಚೀಪಿದರು" ಅಂದಾಗ ಹಿಗ್ಗಿದೆ. ಆಮೇಲೆ ಅವರು, "ಸಾಸಿಗೆ ಹಸಿ ಮೊಟ್ಟೆ ಯಾಕೆ ಅಂತ ಬಿಟ್ಟುಬಿಟ್ಟೆ. ಬದಲಿಗೆ ಒಂಚೂರು ಕೆಚಪ್, ಒಂಚೂರು ಬೆಲ್ಲ ಹಾಕಿದೆ" ಅಂದರು. ಭಾವ ಮಾಡಿದ್ದು ರುಚಿಯಾಗಿಯೇ ಇದ್ದಿರಬಹುದು. ಆದರೆ ಅದನ್ನು ಕಾರ್ನೆಲ್ ಚಿಕನ್ ಎಂದು ಕರೆಯಲು ನಾನು ಸುತರಾಂ ಒಪ್ಪುವುದಿಲ್ಲ.

ನಾವಿರುವುದು ನ್ಯೂಯಾರ್ಕ್ ರಾಜ್ಯದ ನಡುಭಾಗದಲ್ಲಿ. ಸಿರಕ್ಯೂಸ್‌ನಿಂದ ಇಥಾಕಾದ ತನಕ ಎಲ್ಲಿ ಹೋದರೂ ಕೋಳಿ ಬಾರ್ಬೆಕ್ಯೂ ಎಂದರೆ ಇದೇ. ಬೇಸಿಗೆ ಬಂದರೆ ಸಾಕು, ಊರೂರಿನ ಅಗ್ನಿಶಾಮಕ ದಳದವರು, ಚರ್ಚಿನವರು ಚಂದಾ ಎತ್ತುವುದಕ್ಕೆ ಅಂಗಳದಲ್ಲಿ ಸಿಮೆಂಟ್ ಬ್ಲಾಕ್ ಜೋಡಿಸಿ ಉದ್ದನೆಯ ಒಲೆ ಹೂಡುತ್ತಾರೆ. ಎರಡು ಜಾಲರಿಗಳ ನಡುವೆ ಕೋಳಿಯ ಅರ್ಧರ್ಧ ಹೋಳುಗಳನ್ನು ಸಿಕ್ಕಿಸಿ, ಇಬ್ಬರು ಆಚೆ ಈಚೆ ನಿಂತು ಇಡೀ ಜಾಲರಿಯನ್ನೇ ಒಂದೇ ಸಲಕ್ಕೆ ಮಗುಚುತ್ತಾರೆ. ಕೆಂಡದ ಮೇಲೆ ವಿನೆಗರ್ ಬಿದ್ದು ಏಳುವ ಆ ಹುಳಿಹೊಗೆ ಅರ್ಧ ಮೈಲಿ ದೂರದಿಂದಲೇ ಕಾರನ್ನು ತಿರುಗಿಸುತ್ತದೆ. ಹನ್ನೊಂದಕ್ಕೆ ಶುರುವಾದರೆ ಕೋಳಿ ಖಾಲಿಯಾಗುವ ತನಕ ಮಾರಾಟ. ಪಕ್ಕಕ್ಕೆ ಸಿರಕ್ಯೂಸ್‌ನ ಉಪ್ಪುನೀರಲ್ಲಿ ಬೇಯಿಸಿದ ಪುಟ್ಟ ಆಲೂಗಡ್ಡೆ, ಮೇಲೆ ಕರಗಿದ ಬೆಣ್ಣೆ.

ಸಾಸಿಗೆ ಬೇಕಾದ್ದು ಆರೇ ಸಾಮಾನು. ಒಂದು ಮೊಟ್ಟೆ, ಒಂದು ಕಪ್ ಎಣ್ಣೆ, ಎರಡು ಕಪ್ ಸೇಬಿನ ವಿನೆಗರ್, 3 ದೊಡ್ಡ ಚಮಚ ಉಪ್ಪು, ಒಂದು ದೊಡ್ಡ ಚಮಚ ಪೌಲ್ಟ್ರಿ ಸೀಸನಿಂಗ್, ಅರ್ಧ ಚಿಕ್ಕ ಚಮಚ ಕಾಳುಮೆಣಸಿನ ಪುಡಿ. ಹತ್ತು ಅರ್ಧ ಹೋಳುಗಳಿಗೆ ಇದು ಸಾಕು. ಸೀಸನಿಂಗ್ ಪುಡಿಯಲ್ಲಿ ಸೇಜ್, ಥೈಮ್, ರೋಸ್‌ಮೆರಿಯಂಥ ಸೊಪ್ಪುಗಳಿರುತ್ತವೆ, ಸೇಜ್ ಮುಂದಿರಬೇಕು. ಕಾಳುಮೆಣಸಿನ ವಿಚಾರದಲ್ಲಿ ಮಾತ್ರ ನಾನು ಅಳತೆ ಮೀರುತ್ತೇನೆ. ಮಲೆನಾಡಿನಿಂದ ಬಂದ ಕಾಳು ಮನೆಯಲ್ಲಿರುವಾಗ ಅರ್ಧ ಚಮಚಕ್ಕೆ ಕೈ ನಿಲ್ಲುವುದಿಲ್ಲ. ಕುಟ್ಟಾಣಿಯಲ್ಲಿ ತರಿತರಿಯಾಗಿ ಜಜ್ಜಿ ಹಾಕುತ್ತೇನೆ.

ಇನ್ನು ಮೊಟ್ಟೆ. ಮೊದಲು ಮೊಟ್ಟೆಯೊಂದನ್ನೇ ಚೆನ್ನಾಗಿ ಕಡೆಯಬೇಕು. ನಾನು ಇದಕ್ಕೆ ಉದ್ದನೆಯ ಪಾತ್ರೆ, ಊರಿಂದ ತಂದ ಕಡಗೋಲು ಬಳಸುತ್ತೇನೆ. ಕಡೆಯುತ್ತಲೇ ಎಣ್ಣೆಯನ್ನು ಸಣ್ಣ ಧಾರೆಯಾಗಿ ಬಿಡಬೇಕು. ಮೊದಲು ಹಳದಿಯಾಗಿ ಮಿರುಗುತ್ತಿದ್ದದ್ದು ನೋಡನೋಡುತ್ತ ಬಣ್ಣ ಬಿಟ್ಟು, ಗಟ್ಟಿ ಮಜ್ಜಿಗೆಯ ಹಾಗೆ ಕಡಗೋಲಿಗೆ ಅಂಟತೊಡಗುತ್ತದೆ. ಕೈಗೆ ಸಣ್ಣ ಭಾರ ತಿಳಿಯುತ್ತದೆ. ಆಗ ವಿನೆಗರ್, ಉಪ್ಪು, ಉಳಿದದ್ದೆಲ್ಲ. ವಿನೆಗರ್ ಬಿದ್ದೊಡನೆ ಮತ್ತೆ ತೆಳ್ಳಗಾಗುತ್ತದೆ, ಆದರೆ ಎಣ್ಣೆ ಬೇರೆಯಾಗಿ ಮೇಲೆ ಬರುವುದಿಲ್ಲ. ಮೊಟ್ಟೆಯ ಹಳದಿ ಭಾಗದಲ್ಲಿರುವ ಲೆಸಿಥಿನ್ ಒಂದು ತುದಿಯಿಂದ ಎಣ್ಣೆಯನ್ನೂ ಇನ್ನೊಂದು ತುದಿಯಿಂದ ನೀರನ್ನೂ ಹಿಡಿದುಕೊಳ್ಳುತ್ತದೆ. ಮೇಯನೇಸ್ ನಿಲ್ಲುವುದೂ ಇದರಿಂದಲೇ.

ಮೊಟ್ಟೆ ಬಿಟ್ಟರೆ ಏನಾಗುತ್ತದೆ? ಎಣ್ಣೆ ಮೇಲೆ, ವಿನೆಗರ್ ಕೆಳಗೆ. ಬ್ರಷ್ ಅದ್ದಿದಾಗ ಬರುವುದು ಬರೀ ಎಣ್ಣೆ. ಅದು ಕೋಳಿಯ ಮೈಯಿಂದ ಜಾರಿ ಕೆಂಡಕ್ಕೆ ಬಿದ್ದು ಭಗ್ಗೆಂದು ಉರಿ ಏಳುತ್ತದೆ. ಹೊರಗೆ ಮಸಿ, ಒಳಗೆ ಮೂಳೆಯ ಹತ್ತಿರ ಹಸಿ. ಹುಳಿ, ಉಪ್ಪು ಎಲ್ಲ ಪಾತ್ರೆಯ ತಳದಲ್ಲೇ ಉಳಿದಿರುತ್ತದೆ. ಮೊಟ್ಟೆ ಇದ್ದರೆ ಸಾಸು ಚರ್ಮಕ್ಕೆ ಕಚ್ಚಿಕೊಳ್ಳುತ್ತದೆ. ಪ್ರತಿ ಸಲ ಬಳಿದಾಗಲೂ ತೆಳುವಾದ ಒಂದು ಪದರ ಬೆಂದು ಕೂರುತ್ತದೆ. ಹಸಿ ಮೊಟ್ಟೆ ಎಂದು ಹೆದರುವವರು ಅದರಲ್ಲೇ ಹಸಿ ಕೋಳಿಯನ್ನು ರಾತ್ರಿಯಿಡೀ ನೆನೆಹಾಕುತ್ತಾರಲ್ಲ! ಮಾಡಬೇಕಾದ್ದು ಇಷ್ಟೇ: ನೆನೆಸುವುದಕ್ಕೆ ಒಂದು ಪಾಲು, ಬಳಿಯುವುದಕ್ಕೆ ಬೇರೆ ಪಾಲು ಎತ್ತಿಡಿ. ಕೊನೆಯ ಹತ್ತು ನಿಮಿಷ ಬ್ರಷ್ ಮುಟ್ಟಬೇಡಿ. ತೊಡೆಯ ಮಾಂಸದ ಒಳಗಿನ ಬಿಸಿ 74 ಡಿಗ್ರಿ ಸೆಲ್ಸಿಯಸ್ ದಾಟಿದೆಯೇ ಎಂದು ಥರ್ಮಾಮೀಟರ್ ಕಡ್ಡಿ ಚುಚ್ಚಿ ನೋಡಿ.

ಭಾವನ ಬೆಲ್ಲಕ್ಕೆ ಬರುತ್ತೇನೆ. ಅರ್ಧ ಕೋಳಿ ಕೆಂಡದ ಮೇಲೆ ಬೇಯುವುದಕ್ಕೆ ಹತ್ತಿರ ಹತ್ತಿರ ಒಂದು ಗಂಟೆ ಬೇಕು. ಸಿಹಿ ಇರುವ ಯಾವ ಸಾಸೂ ಆ ಒಂದು ಗಂಟೆ ತಾಳುವುದಿಲ್ಲ. ಸಕ್ಕರೆ ಕಂದಾಗಿ, ಕಪ್ಪಾಗಿ, ಕಹಿಯಾಗುತ್ತದೆ. ಕಾನ್ಸಾಸ್ ಸಿಟಿಯ ಕಡೆಯವರು ಟೊಮೆಟೊ, ಕಾಕಂಬಿಯ ಸಾಸನ್ನು ಕೊನೆಗೆ ಹಚ್ಚುವುದು ಇದಕ್ಕೇ, ಅವರಿಗೆ ಅವರ ಕೆಲಸ ಗೊತ್ತು. ಗೊತ್ತಿಲ್ಲದವರು ನಮ್ಮ ಪಿಕ್ನಿಕ್‌ಗಳಿಗೆ ಬರುತ್ತಾರೆ. ಅಂಗಡಿಯ ಕೆಂಪು ಬಾಟಲಿ ಹಿಡಿದು, ಕೋಳಿ ಇನ್ನೂ ಬೆಳ್ಳಗಿರುವಾಗಲೇ ಸುರಿದು, ಅದು ಇದ್ದಿಲಾದ ಮೇಲೆ "ಸ್ಮೋಕಿ ಆಗಿದೆ" ಎನ್ನುತ್ತಾರೆ. ಸುಟ್ಟದ್ದನ್ನು ಸುಟ್ಟದ್ದು ಎನ್ನಬೇಕು. ಒಂದು ಹಕ್ಕಿಯನ್ನು ಕೊಂದು ತಂದ ಮೇಲೆ ಅದನ್ನು ಹೀಗೆ ಕೆಡಿಸುವುದು ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ. ಆ ಬಾಟಲಿಯ ಹಿಂಬದಿ ಓದಿದರೆ ಎಷ್ಟೋ ಸಲ ಮೊದಲ ಸಾಲಲ್ಲೇ ಕಾರ್ನ್ ಸಿರಪ್ ಇರುತ್ತದೆ. ಅದನ್ನು ಒಂದು ಗಂಟೆ ಬೆಂಕಿಗೆ ಹಿಡಿದರೆ ಇನ್ನೇನಾದೀತು?

ಈ ಸಾಸು ಬರೆದಿಟ್ಟವನು ರಾಬರ್ಟ್ ಸಿ. ಬೇಕರ್, ಕಾರ್ನೆಲ್ ವಿಶ್ವವಿದ್ಯಾಲಯದ ಪ್ರೊಫೆಸರ್. ನನ್ನ ಮಟ್ಟಿಗೆ ಕೋಳಿ ತಿನ್ನುವ ಎಲ್ಲರೂ ನೆನೆಯಬೇಕಾದ ಮನುಷ್ಯ. ಎರಡನೆಯ ಮಹಾಯುದ್ಧ ಮುಗಿದ ಕಾಲ. ನ್ಯೂಯಾರ್ಕ್ ಸೀಮೆಯ ರೈತರ ಕೋಳಿಗಳಿಗೆ ಗಿರಾಕಿಗಳು ಬೇಕಿದ್ದರು. ಎಳೆಯ ಕೋಳಿಯನ್ನು ಜನ ಹೊರಗೆ ಕೆಂಡದ ಮೇಲೆ ಸುಟ್ಟು ತಿನ್ನುವಂತಾದರೆ ರೈತನ ಕೈಗೆ ನಾಲ್ಕು ಕಾಸು ಬರುತ್ತದೆ ಎಂದು ಈತ ಲೆಕ್ಕ ಹಾಕಿದ. 1950ರಲ್ಲಿ ವಿಶ್ವವಿದ್ಯಾಲಯದ ವಿಸ್ತರಣಾ ವಿಭಾಗ ಈ ವಿಧಾನವನ್ನು ಕಿರುಪುಸ್ತಕವಾಗಿ ಅಚ್ಚು ಹಾಕಿಸಿತು. ಒಲೆ ಹೇಗೆ ಕಟ್ಟಬೇಕು, ನೂರಾರು ಜನರಿಗೆ ಹೇಗೆ ಸುಡಬೇಕು, ಎಲ್ಲ ಅದರಲ್ಲಿತ್ತು. ಇವತ್ತಿಗೂ ಫೈರ್ ಹಾಲ್‌ಗಳ ಚಂದಾ ಡಬ್ಬಿ ತುಂಬುತ್ತಿರುವುದು ಆ ಹಾಳೆಗಳಿಂದ. ಸಿರಕ್ಯೂಸ್‌ನ ಸ್ಟೇಟ್ ಫೇರ್‌ನಲ್ಲಿ ಆತನ ಕುಟುಂಬದವರ ಕೋಳಿ ಅಂಗಡಿ ದಶಕಗಳ ಕಾಲ ನಡೆಯಿತು.

ಚಿಕನ್ ನಗೆಟ್ ಕೂಡ ಇವನದೇ. 1960ರ ದಶಕದ ಮೊದಲಲ್ಲಿ, ಅರೆದ ಮಾಂಸ ಚರ್ಮವಿಲ್ಲದೆ ಬಿಡಿಯಾಗದಂತೆ ಹಿಡಿಯುವುದು ಹೇಗೆ, ಮೇಲಿನ ಹಿಟ್ಟು ಹೆಪ್ಪುಗಟ್ಟಿಸಿ ಕರಿದರೂ ಉದುರದಂತೆ ಮಾಡುವುದು ಹೇಗೆ, ಎರಡನ್ನೂ ಈತ ಮತ್ತು ಜೊತೆಯವರು ಬಿಡಿಸಿದರು. ಪೇಟೆಂಟ್ ಮಾಡಿಸಲಿಲ್ಲ. ಬರೆದು, ಕೇಳಿದವರಿಗೆಲ್ಲ ಕೊಟ್ಟರು. 1983ರಲ್ಲಿ ಮೆಕ್‌ಡೊನಾಲ್ಡ್ಸ್ ತನ್ನ ನಗೆಟ್‌ಗಳನ್ನು ಅಮೆರಿಕದ ತುಂಬ ಮಾರತೊಡಗಿತು. ಬೇಕರ್ 2006ರಲ್ಲಿ ತೀರಿಕೊಂಡ. ಕಂಡುಹಿಡಿದದ್ದನ್ನು ಹೀಗೆ ಊರಿಗೆ ಹಂಚಿದವನ ಬಗ್ಗೆ ನನಗೆ ದೊಡ್ಡ ಗೌರವ. ಆದರೂ ಅವನ ಎರಡು ಕೆಲಸಗಳಲ್ಲಿ ಹೆಸರು ಮಾಡಿದ್ದು ನಗೆಟ್ ಎನ್ನುವುದು ಸರಿಯೆನಿಸುವುದಿಲ್ಲ. ನಗೆಟ್‌ಗೆ ತನ್ನದೇ ರುಚಿ ಕಡಿಮೆ. ಪಕ್ಕದಲ್ಲಿ ಅದ್ದಿಕೊಳ್ಳುವ ಬಟ್ಟಲು ಬೇಕು. ಈ ಕೋಳಿಗೆ ಹುಳಿ, ಉಪ್ಪು, ಸೇಜ್ ಮೂಳೆಯ ತನಕ ಇಳಿದಿರುತ್ತದೆ. ನಮ್ಮ ಮನೆಗೆ ಬಂದ ಮಕ್ಕಳು ಬಟ್ಟಲು ಕೇಳಿದರೆ, ಮೊದಲು ಒಂದು ತೊಡೆ ತಿಂದು ನೋಡಿ ಎನ್ನುತ್ತೇನೆ.