ನಿಕಾಹ್ ಮದ್ದಲ್ಲ

ಗಿಣಿಗೇರಾದ ಕಾರ್ಖಾನೆಗಳ ಹೊಗೆಯ ಬಗ್ಗೆ ಗಂಟೆಗಟ್ಟಲೆ ಮಾತಾಡುವ ನಾವು, ಹುಡುಗನೊಬ್ಬನ ಲೈಂಗಿಕ ನಡವಳಿಕೆ ವಿಕೃತವೆನಿಸಿದರೆ ಪಿಸುಮಾತಿಗಿಳಿಯುತ್ತೇವೆ. ತಾಯಿತ ಕಟ್ಟಿಸುತ್ತೇವೆ. ಅದಕ್ಕೂ ಬಗ್ಗದಿದ್ದರೆ, 'ನಿಕಾಹ್ ಮಾಡ್ರಿ, ಸರಿಹೋಗ್ತಾನ'. ಬರುವ ಹೆಣ್ಣುಮಗಳ ಗತಿಯೇನು?

ಮನೋವೈದ್ಯರು ಇಂಥ ಬಯಕೆಯನ್ನೆಲ್ಲ ಕಾಯಿಲೆ ಎನ್ನುವುದಿಲ್ಲ. ಅದು ಆತನನ್ನೇ ನರಳಿಸಿದರೆ, ಇಲ್ಲವೇ ಮಕ್ಕಳಿಗೆ, ಒಪ್ಪಿಗೆಯಿಲ್ಲದವರಿಗೆ ಕೇಡಾಗುವಂತಿದ್ದರೆ ಕಾಯಿಲೆ. 2013ರಲ್ಲಿ ಬಂದ ಅಮೆರಿಕದ ಮನೋವೈದ್ಯರ ಕೈಪಿಡಿ ಈ ವ್ಯತ್ಯಾಸವನ್ನು ಸ್ಪಷ್ಟವಾಗಿ ಹೇಳಿತು. ಮನಸ್ಸಿಗೆ ಬಂದ ಕೆಟ್ಟ ಯೋಚನೆ ಕೃತ್ಯವಾಗದಿದ್ದರೆ ಅಲ್ಲಾಹನು ಮನ್ನಿಸುತ್ತಾನೆಂಬ ಹದೀಸ್ ನಮಗೇನೂ ಹೊಸದಲ್ಲ. ಆದರೆ ಮಗುವಿನ ಮೈಮೇಲೆ ಕೈಹಾಕಿದರೆ ಅದು 2012ರ ಪೋಕ್ಸೊ ಕಾಯ್ದೆಯಡಿ ಅಪರಾಧ; ಗೊತ್ತಿದ್ದೂ ಮುಚ್ಚಿಟ್ಟ ಜಮಾತಿನ ಹಿರಿಯರಿಗೂ ಶಿಕ್ಷೆಯುಂಟು.

ಅದಕ್ಕೆ ಮುಂಚೆಯೇ ಬಂದವನಿಗೆ ಆಪ್ತಸಮಾಲೋಚನೆ, ಔಷಧ ಎರಡೂ ಇವೆ. ಧಾರವಾಡದ ಡಿಮ್ಹಾನ್ಸ್ ದೂರವಾದರೆ ಕೊಪ್ಪಳದಲ್ಲೇ ಸರಕಾರಿ ಮನೋವೈದ್ಯರಿದ್ದಾರೆ. ಟೆಲಿ-ಮಾನಸ್‌ನ 14416ಕ್ಕೆ ಫೋನ್ ಮಾಡಲು ಕಾಸು ಖರ್ಚಿಲ್ಲ.