ಲಾಳ ಬಿದ್ದ ಸಂಜೆ

ನಮ್ಮ ಮನೆಯ ಅನ್ನ ಕುದುರೆಯ ಕಾಲ ಮೇಲೆ ನಿಂತಿದೆ. ಮೈಸೂರಿನಲ್ಲಿ ನಮ್ಮವರು ಜಟಕಾ ಓಡಿಸುತ್ತಾರೆ. ದಸರಾ ದೀಪ ನೋಡಲು ಬರುವ ಜನರಿಂದ ಆ ಹತ್ತು ದಿನ ಕೈತುಂಬ ಬಾಡಿಗೆ. ಉಳಿದ ದಿನಗಳು ಹೇಗೋ ಏನೋ.

ಹೋದ ದಸರಾದಲ್ಲಿ ಒಂದು ಸಂಜೆ ಗಾಡಿ ಕಟ್ಟಲು ರಾಜನನ್ನು ಅಂಗಳಕ್ಕೆ ತಂದರು. ಕಲ್ಲುಹಾಸಿನ ಮೇಲೆ ಮೂರು ಸಲ 'ಟಕ್' ಎಂದರೆ ನಾಲ್ಕನೆಯದು ಬರೀ 'ಥಪ್'. ನೋಡಿದರೆ ಮುಂದಿನ ಬಲಗಾಲಿನ ಲಾಳವೇ ಇಲ್ಲ!

"ಇದೊಂದು ರಾತ್ರಿ ನಿಧಾನವಾಗಿ ಓಡಿಸ್ತೀನಿ ಬಿಡೆ" ಎಂದರು. ಇವರಿಗೆ ಗೊತ್ತಿಲ್ಲವೆಂದಲ್ಲ, ಮಗಳ ಕಾಲೇಜು ಫೀಸು ಕಣ್ಣ ಮುಂದಿತ್ತು. ಆದರೆ ನನಗೆ ಮಾವನವರ ಮಾತು ನೆನಪಾಯಿತು. ಲಾಳವಿಲ್ಲದೆ ಟಾರು ರಸ್ತೆಯಲ್ಲಿ ಓಡಿಸಿದರೆ ಗೊರಸಿನ ಅಂಚು ಒಡೆಯುತ್ತೆ, ಆಮೇಲೆ ಮೊಳೆ ಹೊಡೆಯಲು ಜಾಗವೇ ಇರೋಲ್ಲ. ಗೊರಸು ಬೆಳೆಯುವುದೋ ತಿಂಗಳಿಗೆ ಒಂದು ಸೆಂಟಿಮೀಟರೂ ಇಲ್ಲ.

"ರೀ, ಒಂದು ರಾತ್ರಿ ಆಸೆಗೆ ತಿಂಗಳುಗಟ್ಟಲೆ ಲಾಯದಲ್ಲಿ ನಿಲ್ಲಿಸಬೇಕಾದೀತು" ಎಂದು ಹಗ್ಗ ಹಿಡಿದೇ ನಿಂತೆ. ಸಿಟ್ಟಾದರು, ಆದರೆ ಗಾಡಿ ಕಟ್ಟಲಿಲ್ಲ.

ಬಿದ್ದ ಲಾಳ ಓಣಿಯಲ್ಲೇ ಸಿಕ್ಕಿತು. ಮೊಳೆ ಎಣಿಸಿದೆವು, ಒಂದು ಕಡಿಮೆ. ನನ್ನೆದೆ ಧಸಕ್ಕೆಂದಿತು. ಕಾಲೆತ್ತಿ ಮಣ್ಣು ಕೆರೆದು ನೋಡಿದರೆ, ದೇವರ ದಯೆ, ಮುರಿದ ಮೊಳೆ ಗೊರಸಿನ ಅಂಚಿನಲ್ಲೇ ಇತ್ತು. ಪಾದದೊಳಕ್ಕೆ ಚುಚ್ಚಿದ್ದರೆ ನಾವೇ ಕಿತ್ತು ಸುಮ್ಮನಾಗುವ ಹಾಗಿಲ್ಲ. ಕೂಡಲೇ ಪಶುವೈದ್ಯರನ್ನು ಕರೆಸಬೇಕು. ಕುದುರೆಗೆ ಧನುರ್ವಾಯು ಬಲುಬೇಗ ತಗಲುತ್ತದೆ, ಅದಕ್ಕೆ ಚುಚ್ಚುಮದ್ದು ಬೇಕೇ ಬೇಕು.

ಇವರು ಮೊಳೆಯ ಚೂರನ್ನು ಇಕ್ಕಳದಲ್ಲಿ ತೆಗೆದರು. ನಾನು ಹಳೇ ಸೀರೆ ದಪ್ಪಗೆ ಮಡಚಿ ಗೊರಸಿಗೆ ಸುತ್ತಿ, ಮೇಲೆ ಗೋಣಿತಾಟು ಕಟ್ಟಿದೆ. ಕಟ್ಟು ಗೊರಸಿಗಷ್ಟೇ ಇರಬೇಕು, ಮೇಲೆ ಕಾಲಿಗೆ ಬಿಗಿಯಬಾರದು. ಹುಲ್ಲು ಹಾಸಿದ ಕಡೆ ನಿಲ್ಲಿಸಿ ಹುರುಳಿ ಇಟ್ಟೆ.

ಬೆಳಿಗ್ಗೆ ಲಾಳ ಹೊಡೆಯುವವರು ಬಂದು ಗೊರಸು ಹೆರೆದು ಹೊಸ ಲಾಳ ಹಾಕಿದರು. "ಸವೆಯದಿದ್ದರೂ ಐದಾರು ವಾರಕ್ಕೊಮ್ಮೆ ಬಿಚ್ಚಿ ಗೊರಸು ಹೆರೆಯಬೇಕಮ್ಮಾ" ಎಂದರು. ನಾವು ದಸರಾ ಮುಗಿಯಲೆಂದು ಮುಂದೂಡಿದ್ದೇ ತಪ್ಪಾಗಿತ್ತು. ಆ ಸಂಜೆಯೇ ರಾಜ ನಾಲ್ಕು 'ಟಕ್' ಹಾಕುತ್ತಾ ಹೊರಟ. ಫೀಸಿಗೆ ಕಡಿಮೆಬಿದ್ದಿದ್ದನ್ನು ಚೀಟಿ ಹಣದಲ್ಲಿ ತುಂಬಿದೆ.

ಹಳೇ ಲಾಳವನ್ನು ಪಕ್ಕದ ಮನೆಯಾಕೆ ಅದೃಷ್ಟಕ್ಕೆಂದು ಬಾಗಿಲಿಗೆ ಹೊಡೆಸಿಕೊಂಡರು. ನಮ್ಮವರು ಈಗ ಗಾಡಿ ಕಟ್ಟುವ ಮುಂಚೆ ನಾಲ್ಕು ಕಾಲೂ ಎತ್ತಿ ನೋಡಿ, "ನೋಡ್ದೆ ಕಣೇ!" ಎಂದು ಅಡುಗೆಮನೆಗೆ ಕೇಳುವಂತೆ ಕೂಗುತ್ತಾರೆ.